ಆ ಖರ್ಚು ಯಾರ ಲೆಕ್ಕಕ್ಕೆ ಬಿತ್ತು?

ಪ್ರಶ್ನೆ: ಸರ್, ನಾನು ಲಕ್ಷ್ಮೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಳೆ. ಅಲ್ಲಿ ಒಂದು ವಿದ್ಯಾರ್ಥಿ ಸಂಘಟನೆ ಸೇರಿದ್ದಾಳೆ. ಕೇಳಿದರೆ "ನಮ್ಮದು ಯಾವ ಪಕ್ಷದ್ದೂ ಅಲ್ಲಪ್ಪ" ಅನ್ನುತ್ತಾಳೆ. ಆದರೆ ಹೋದ ಲೋಕಸಭೆ ಚುನಾವಣೆಯಲ್ಲಿ ಆ ಸಂಘಟನೆಯವರು ಒಂದೇ ಪಕ್ಷದ ಕರಪತ್ರ ಹಂಚಿದ್ದನ್ನು ನಾನೇ ನೋಡಿದ್ದೇನೆ. ಊರ ತುಂಬ ಆ ಪಕ್ಷದ ಫ್ಲೆಕ್ಸ್, ಮೊಬೈಲ್ ತೆರೆದರೆ ಅದರದೇ ಜಾಹೀರಾತು. ಒಂದು ಪಕ್ಷದ ನೀತಿ ನಿಜವಾಗಿ ಏನು, ಅದರ ಪ್ರಚಾರಕ್ಕೆ ಯಾರು ದುಡ್ಡು ಹಾಕುತ್ತಾರೆ, ಯಾವ ಸಂಘ ಅದರದು ಎಂದು ನಮ್ಮಂಥವರು ತಿಳಿಯುವುದು ಹೇಗೆ?

ಉತ್ತರ: ನಮಸ್ಕಾರ ಅಣ್ಣಾರೆ. ನಾನು ಖಜಾನೆ ಇಲಾಖೆಯಲ್ಲಿದ್ದವನು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಚುನಾವಣೆ ಬಂತು ಅಂದರೆ ಅಭ್ಯರ್ಥಿಗಳ ಖರ್ಚು ನೋಡುವ ತಂಡಕ್ಕೆ ನನ್ನನ್ನು ಹಾಕುತ್ತಿದ್ದರು. ಆ ಕೆಲಸದಲ್ಲಿ ನನಗೆ ಒಂದು ಅಭ್ಯಾಸ ಅಂಟಿಕೊಂಡಿತು. ಏನೇ ಕಣ್ಣಿಗೆ ಬಿದ್ದರೂ "ಇದು ಯಾರ ಲೆಕ್ಕಕ್ಕೆ?" ಎಂದು ಕೇಳುವುದು. ನಿಮ್ಮ ಮೂರೂ ಪ್ರಶ್ನೆಗೆ ನಾನು ಇದನ್ನೇ ಹಿಡಿದು ಹೋಗುತ್ತೇನೆ. ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉದ್ರಿ ಪುಸ್ತಕದಲ್ಲಿ ಸಾಮಾನಿನ ಹೆಸರಿದ್ದು ಒಯ್ದವರ ಹೆಸರು ಇಲ್ಲದಿದ್ದರೆ ನಷ್ಟ ಯಾರಿಗೆ ಅಂತ ನಿಮಗೇ ಗೊತ್ತು.

ಮೊದಲು ದುಡ್ಡಿನ ವಿಷಯ, ಯಾಕೆಂದರೆ ಉಳಿದೆರಡಕ್ಕೂ ದಾರಿ ಅಲ್ಲಿಂದಲೇ ಸಿಗುತ್ತದೆ.

ಚುನಾವಣೆಗೆ ನಿಂತ ಪ್ರತಿ ಅಭ್ಯರ್ಥಿಗೂ ಒಂದು ರಿಜಿಸ್ಟರ್ ಕೊಡುತ್ತಾರೆ. ಅದರಲ್ಲಿ ಮೂರು ಬಣ್ಣದ ಹಾಳೆ. ಬಿಳಿ ಹಾಳೆಯಲ್ಲಿ ದಿನದಿನದ ಖರ್ಚು, ಗುಲಾಬಿ ಹಾಳೆಯಲ್ಲಿ ನಗದು, ಹಳದಿ ಹಾಳೆಯಲ್ಲಿ ಬ್ಯಾಂಕಿನ ವ್ಯವಹಾರ. ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಇಡೀ ಚುನಾವಣೆಯಲ್ಲಿ ಒಬ್ಬರಿಗೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಡುವಂತಿಲ್ಲ. ಪ್ರಚಾರದ ಅವಧಿಯಲ್ಲಿ ಮೂರು ಸಲ ಈ ರಿಜಿಸ್ಟರ್ ತಂದು ವೆಚ್ಚ ವೀಕ್ಷಕರಿಗೆ ತೋರಿಸಬೇಕು.

ಅವರ ಪುಸ್ತಕದ ಜೊತೆಗೆ ನಾವೂ ಒಂದು ಪುಸ್ತಕ ಬರೆಯುತ್ತಿದ್ದೆವು. ಶ್ಯಾಡೋ ರಿಜಿಸ್ಟರ್ ಅನ್ನುತ್ತಿದ್ದೆವು. ಸಭೆಗೆ ನಮ್ಮ ವಿಡಿಯೋದವರು ಹೋಗಿ ಎಲ್ಲವನ್ನೂ ಚಿತ್ರೀಕರಿಸಿ ತರುತ್ತಿದ್ದರು. ರಾತ್ರಿ ಕಚೇರಿಯಲ್ಲಿ ಕುಳಿತು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಕುರ್ಚಿ ಎಣಿಸುವುದು, ಪೆಂಡಾಲಿನ ಅಳತೆ ಅಂದಾಜು ಮಾಡುವುದು, ಹೊರಗೆ ನಿಂತ ಕ್ರೂಸರ್, ಟಂಟಂ ಗಾಡಿಗಳ ನಂಬರ್ ಬರೆದುಕೊಳ್ಳುವುದು ನಮ್ಮ ಕೆಲಸ. ಚಹಾದಿಂದ ಹಿಡಿದು ಹೂಮಾಲೆಯವರೆಗೆ ಜಿಲ್ಲೆಗೆ ಒಂದು ರೇಟ್ ಲಿಸ್ಟ್ ಇರುತ್ತದೆ. ಅದರ ಪ್ರಕಾರ ಗುಣಿಸಿ ಬರೆಯುತ್ತಿದ್ದೆವು. ಕುಂದಗೋಳ ಕಡೆಯ ಒಂದು ಹಳ್ಳಿಯ ಸಭೆ ನನಗೆ ಇನ್ನೂ ನೆನಪಿದೆ. ಕುರ್ಚಿಗಳ ಬಾಬ್ತು ಅವರ ಪುಸ್ತಕದಲ್ಲಿ ಇರಲೇ ಇಲ್ಲ. ಕೇಳಿದರೆ ಅಭ್ಯರ್ಥಿಯ ಏಜೆಂಟರು, "ಅವು ಗುಡಿಯ ಕುರ್ಚಿ ರೀ, ಬಾಡಿಗೆ ಯಾರೂ ಕೇಳಿಲ್ಲ, ನಾವು ಕೊಟ್ಟೂ ಇಲ್ಲ" ಅಂದರು. ಪುಕ್ಕಟೆ ಸಿಕ್ಕ ವಸ್ತುವಿಗೂ ಬೆಲೆ ಕಟ್ಟಬೇಕು ಎಂಬುದು ನಿಯಮ. ಬರೆದೆವು. ಅವರಿಗೆ ಸಿಟ್ಟು ಬಂತು. ನನಗೆ ಮಾತ್ರ ಆ ನಿಯಮ ಸರಿ ಅನಿಸಿತು, ಈಗಲೂ ಅನಿಸುತ್ತದೆ. ಗುಡಿಯ ಕುರ್ಚಿ ಒಬ್ಬರಿಗೆ ಪುಕ್ಕಟೆ ಸಿಕ್ಕು ಇನ್ನೊಬ್ಬರಿಗೆ ಸಿಗದಿದ್ದರೆ ಅದೂ ಒಂದು ದೇಣಿಗೆಯೇ ಅಲ್ವಾ?

ಇಷ್ಟು ಕಟ್ಟುನಿಟ್ಟು ಯಾಕೆಂದರೆ ಅಭ್ಯರ್ಥಿಯ ಖರ್ಚಿಗೆ ಮಿತಿ ಇದೆ. 2022ರ ಜನವರಿಯಿಂದ ನಮ್ಮಂಥ ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಕೊಡಬೇಕು. ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ಚುನಾವಣಾ ಆಯೋಗ ಆ ವ್ಯಕ್ತಿಯನ್ನು 3 ವರ್ಷ ಚುನಾವಣೆಗೆ ನಿಲ್ಲದಂತೆ ಅನರ್ಹಗೊಳಿಸಬಹುದು.

ಇಲ್ಲಿಯವರೆಗೆ ಚೆನ್ನಾಗಿದೆ. ತೊಂದರೆ ಇರುವುದು ಮುಂದೆ. ಈ ಮಿತಿ ಅಭ್ಯರ್ಥಿಗೆ ಮಾತ್ರ, ಪಕ್ಷಕ್ಕೆ ಇಲ್ಲ. ಪಕ್ಷ ತನ್ನ ಸಾಮಾನ್ಯ ಪ್ರಚಾರಕ್ಕೆ ಎಷ್ಟು ಬೇಕಾದರೂ ಸುರಿಯಬಹುದು. ವಿಧಾನಸಭೆ ಚುನಾವಣೆ ಮುಗಿದ 75 ದಿನದಲ್ಲಿ, ಲೋಕಸಭೆಯಾದರೆ 90 ದಿನದಲ್ಲಿ ಆಯೋಗಕ್ಕೆ ಲೆಕ್ಕ ಕೊಟ್ಟರೆ ಆಯಿತು.

ಅಂಕಿ ಇಟ್ಟು ನೋಡಿ. ನಮ್ಮ ವಿಧಾನಸಭೆಯಲ್ಲಿ 224 ಕ್ಷೇತ್ರ. ಒಂದು ಪಕ್ಷದ 224 ಅಭ್ಯರ್ಥಿಗಳೂ ತಲಾ 40 ಲಕ್ಷ ಖರ್ಚು ಮಾಡಿದರು ಅಂದುಕೊಳ್ಳಿ. ಒಟ್ಟು 89 ಕೋಟಿ 60 ಲಕ್ಷ ಆಗುತ್ತದೆ. 2023ರ ವಿಧಾನಸಭೆ ಚುನಾವಣೆಗೆ ಬಿಜೆಪಿ ತಾನೇ ಆಯೋಗಕ್ಕೆ ಕೊಟ್ಟ ಲೆಕ್ಕ ಸುಮಾರು 197 ಕೋಟಿ. ಕಾಂಗ್ರೆಸ್ ಕೊಟ್ಟ ಲೆಕ್ಕ ಸುಮಾರು 137 ಕೋಟಿ. ಇದರಲ್ಲಿ ಪಕ್ಷ ತನ್ನ ಅಭ್ಯರ್ಥಿಗಳಿಗಾಗಿ ಮಾಡಿದ ಖರ್ಚೂ ಇದೆ, ಉಳಿದದ್ದು ಪಕ್ಷದ ಹೆಸರಿನ ಪ್ರಚಾರ. ಒಂದು ಪಕ್ಷ ಸೋತಿತು, ಒಂದು ಗೆದ್ದಿತು. ನಾನು ಹೇಳುತ್ತಿರುವುದು ಅದಲ್ಲ. ನಾವು ರಾತ್ರಿಯೆಲ್ಲ ಕುರ್ಚಿ ಎಣಿಸಿದ್ದು ಮಿತಿ ಇರುವ ಸಣ್ಣ ಚೀಲದ ಲೆಕ್ಕಕ್ಕೆ. ದೊಡ್ಡ ಚೀಲ ನಮ್ಮ ಮೇಜಿನ ಮೇಲೆ ಬರಲೇ ಇಲ್ಲ.

ಇದು ಕಣ್ತಪ್ಪಿ ಆದದ್ದಲ್ಲ. 1974ರ ಅಕ್ಟೋಬರ್‌ನಲ್ಲಿ ದೆಹಲಿಯ ಕ್ಷೇತ್ರವೊಂದರ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು ಎಂದು ಕೋರ್ಟ್ ಹೇಳಿತು. ಕೆಲವೇ ವಾರಗಳಲ್ಲಿ ಸುಗ್ರೀವಾಜ್ಞೆ ಬಂತು. ವರ್ಷ ಮುಗಿಯುವುದರೊಳಗೆ ಕಾಯ್ದೆಯನ್ನೇ ತಿದ್ದಿದರು. ಪಕ್ಷ ಮತ್ತು ಗೆಳೆಯರು ಮಾಡಿದ ಖರ್ಚನ್ನು ಅಭ್ಯರ್ಥಿಯ ಲೆಕ್ಕದಿಂದ ತೆಗೆದರು. 2003ರಲ್ಲಿ ಮತ್ತೆ ಸ್ವಲ್ಪ ಬಿಗಿ ಮಾಡಿದರು. ಆದರೂ ಪಕ್ಷದ ಸಾಮಾನ್ಯ ಪ್ರಚಾರ ಮತ್ತು ಸ್ಟಾರ್ ಪ್ರಚಾರಕರ ಓಡಾಟದ ಖರ್ಚು ಹೊರಗೇ ಉಳಿಯಿತು. ಮಾನ್ಯತೆ ಪಡೆದ ಪಕ್ಷಕ್ಕೆ ಇಂಥ 40 ಪ್ರಚಾರಕರ ಪಟ್ಟಿ ಕೊಡಲು ಅವಕಾಶ ಇದೆ. ಅವರ ಹೆಲಿಕಾಪ್ಟರ್ ನಿಮ್ಮೂರಿನ ಹೊಲದಲ್ಲಿ ಇಳಿದರೂ ಅಭ್ಯರ್ಥಿಯ ಬಿಳಿ ಹಾಳೆಯಲ್ಲಿ ಅದರ ಹೆಸರು ಬರುವುದಿಲ್ಲ.

ನೀವು ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ದೊಡ್ಡ ನಾಯಕರ ಸಭೆ ನೋಡಿರಬಹುದು. ಮುಂದಿನ ಸಲ ಹೋದರೆ ವೇದಿಕೆಯ ಹಿಂದಿನ ಪರದೆ ಗಮನಿಸಿ. ಅಭ್ಯರ್ಥಿ ಆ ವೇದಿಕೆ ಹಂಚಿಕೊಂಡರೆ, ಇಲ್ಲವೇ ಅವರ ಫೋಟೋ, ಹೆಸರು ಅಲ್ಲಿ ಇದ್ದರೆ ಸಭೆಯ ಖರ್ಚಿನ ಪಾಲು ಅವರ ಲೆಕ್ಕಕ್ಕೆ ಬೀಳುತ್ತದೆ. ಹಾಗಾಗಿ ಎಷ್ಟೋ ಕಡೆ ಪರದೆಯ ಮೇಲೆ ರಾಷ್ಟ್ರ ನಾಯಕರು, ರಾಜ್ಯ ನಾಯಕರು ಮಾತ್ರ. ಓಟು ಕೇಳಬೇಕಾದ ಅಭ್ಯರ್ಥಿಯ ಮುಖವೇ ಇರುವುದಿಲ್ಲ. ಜನ ಅದನ್ನು ಪಕ್ಷದ ಶಿಸ್ತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಬರೀ ಲೆಕ್ಕ ಉಳಿಸುವ ಜಾಣತನ.

ಇನ್ನೊಂದು ಕಿಂಡಿಯೂ ಇದೆ. ಅಭ್ಯರ್ಥಿಯ ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ. ಅದಕ್ಕೆ ಆರು ತಿಂಗಳ ಮೊದಲು ಜಾತ್ರೆಯಲ್ಲಿ ಸ್ವಾಗತ ಕಮಾನು ಕಟ್ಟಿಸಿದ್ದು, ಕ್ರಿಕೆಟ್ ಪಂದ್ಯಕ್ಕೆ ಬಹುಮಾನ ಕೊಟ್ಟದ್ದು, ಹಬ್ಬಕ್ಕೆ ಸೀರೆ ಹಂಚಿದ್ದು ಯಾವ ಹಾಳೆಯಲ್ಲೂ ಬರುವುದಿಲ್ಲ.

ಈಗ ನೀವು ಕಂಡ ಆ ಕರಪತ್ರಕ್ಕೆ ಬರೋಣ. ಮನೆಯಲ್ಲಿ ಇನ್ನೂ ಇದ್ದರೆ ತೆಗೆದು ಅದರ ಕೆಳಗಿನ ಅಂಚು ನೋಡಿ. ಸಣ್ಣ ಅಕ್ಷರದಲ್ಲಿ ಮುದ್ರಕರ ಹೆಸರು ವಿಳಾಸ, ಪ್ರಕಾಶಕರ ಹೆಸರು ವಿಳಾಸ, ಎಷ್ಟು ಪ್ರತಿ ಎಂಬ ವಿವರ ಇರಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಮತ್ತು ಆಯೋಗದ ಆದೇಶ ಇದನ್ನು ಕೇಳುತ್ತವೆ. ಮುದ್ರಿಸುವ ಮೊದಲು ಪ್ರಕಾಶಕರು ಸಹಿ ಮಾಡಿದ ಘೋಷಣೆ ಕೊಡಬೇಕು, ಅದಕ್ಕೆ ಪರಿಚಯದ ಇಬ್ಬರ ಸಾಕ್ಷಿ ಸಹಿ ಬೇಕು. ಪ್ರೆಸ್ಸಿನವರು ಅದನ್ನೂ ಒಂದು ಪ್ರತಿಯನ್ನೂ ಜಿಲ್ಲಾ ಆಡಳಿತಕ್ಕೆ ಕಳಿಸಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪ್ರಕಾಶಕರ ಜಾಗದಲ್ಲಿ ಪಕ್ಷದ ಹೆಸರಿದ್ದರೆ ಒಂದು ಮಾತು. ಅಭ್ಯರ್ಥಿಯ ಏಜೆಂಟರ ಹೆಸರಿದ್ದರೆ ಇನ್ನೊಂದು. ಮಗಳ ಸಂಘಟನೆಯ ಹೆಸರೇ ಇದ್ದರೆ ನಿಮ್ಮ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಏನೂ ಇಲ್ಲದಿದ್ದರೆ ಅದು ಕಾಯ್ದೆ ತಪ್ಪಿದ ಕಾಗದ. ನಾನು ಕೆಲಸದಲ್ಲಿದ್ದಾಗ ಕೈಗೆ ಬಂದ ಹ್ಯಾಂಡ್‌ಬಿಲ್‌ನಲ್ಲಿ ಮೊದಲು ಓದುತ್ತಿದ್ದದ್ದು ಆ ಕೊನೆಯ ಸಾಲು. ಈಗಲೂ ಹಾಗೇ ಓದುತ್ತೇನೆ. ಅಂದಹಾಗೆ ಪ್ಲಾಸ್ಟಿಕ್ ಫ್ಲೆಕ್ಸನ್ನು ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಅದನ್ನು ಜಾರಿ ಮಾಡಬೇಕಾದವರ ಹುಟ್ಟುಹಬ್ಬಕ್ಕೇ ಚೌಕದ ತುಂಬ ಅದು ತೂಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊಬೈಲ್ ಜಾಹೀರಾತಿನ ವಿಷಯ ಸ್ವಲ್ಪ ಸುಲಭ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗೆ ಸೇರಿ ಆ್ಯಡ್ ಲೈಬ್ರರಿ ಎಂಬ ಪುಟ ಇದೆ. ಗೂಗಲ್, ಯೂಟ್ಯೂಬ್‌ಗೂ ಅಂಥದ್ದೇ ಒಂದು ಇದೆ. ಅಲ್ಲಿ ರಾಜಕೀಯ ಜಾಹೀರಾತಿಗೆ ಯಾರು ದುಡ್ಡು ಕೊಟ್ಟರು, ಸುಮಾರು ಎಷ್ಟು, ಯಾವ ರಾಜ್ಯದವರಿಗೆ ತೋರಿಸಿದರು ಎಂದು ಬರುತ್ತದೆ. ಖಾತೆ ಬೇಕಿಲ್ಲ, ಶುಲ್ಕ ಇಲ್ಲ. ಪಕ್ಷದ ಹೆಸರು ಹಾಕಿ ನೋಡಿ. ಆಮೇಲೆ ಪಕ್ಷದ ಹೆಸರೇ ಇಲ್ಲದೆ ಒಬ್ಬರನ್ನೇ ಹೊಗಳುವ, ಇಲ್ಲವೇ ಒಬ್ಬರನ್ನೇ ಬಯ್ಯುವ ಪೇಜುಗಳ ಹೆಸರೂ ಹಾಕಿ ನೋಡಿ. ಈ ಎರಡನೆಯ ಜಾತಿಯ ಪೇಜುಗಳೇ ಹೆಚ್ಚು ಎಚ್ಚರದಿಂದ ನೋಡಬೇಕಾದವು. ಅಭ್ಯರ್ಥಿಯ ಒಪ್ಪಿಗೆ ಇಲ್ಲದೆ ಅವರ ಗೆಲುವಿಗಾಗಿ ಬೇರೆಯವರು ಜಾಹೀರಾತಿಗೆ ಖರ್ಚು ಮಾಡುವುದು ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ ಅದು 171ಎಚ್, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 176ನೇ ಕಲಂ. ಆದರೆ ಅಭ್ಯರ್ಥಿಯ ಹೆಸರೇ ಎತ್ತದೆ "ದೇಶಕ್ಕಾಗಿ", "ಸಂವಿಧಾನಕ್ಕಾಗಿ" ಎಂದು ಜಾಹೀರಾತು ಬಿಟ್ಟರೆ ಯಾರ ಲೆಕ್ಕಕ್ಕೆ ಬರೆಯುವುದು? ನಮ್ಮ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಪಕ್ಷಕ್ಕೆ ದುಡ್ಡು ಬರುವ ದಾರಿಯನ್ನೂ ಕೇಳಿದ್ದೀರಿ. 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷ ವರ್ಷಕ್ಕೊಮ್ಮೆ ಆಯೋಗಕ್ಕೆ ಕೊಡಬೇಕು. ಆ ಪಟ್ಟಿ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದಕ್ಕಿಂತ ಕಡಿಮೆ ಕೊಟ್ಟವರ ಹೆಸರು ಬೇಕಿಲ್ಲ. ನಗದು ದೇಣಿಗೆಗೆ 2017ರಿಂದ 2,000 ರೂಪಾಯಿ ಮಿತಿ. ಅದರ ಬೆನ್ನಿಗೇ, 2018ರ ಜನವರಿಯಲ್ಲಿ, ಕೊಟ್ಟವರ ಹೆಸರು ಜನರಿಗೆ ಕಾಣದಂಥ ಚುನಾವಣಾ ಬಾಂಡ್ ಜಾರಿಗೆ ಬಂತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದು ಮಾಡಿತು. ಓಟು ಹಾಕುವವರಿಗೆ ಪಕ್ಷದ ದುಡ್ಡಿನ ಮೂಲ ತಿಳಿಯುವ ಹಕ್ಕಿದೆ ಎಂದಿತು. ಆಗ ಹೊರಬಿದ್ದ ಲೆಕ್ಕದಲ್ಲಿ 2019ರ ಏಪ್ರಿಲ್ 12ರಿಂದ ಈಚೆಗೆ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್‌ಗೆ ಸುಮಾರು 1,600 ಕೋಟಿ, ಕಾಂಗ್ರೆಸ್‌ಗೆ ಸುಮಾರು 1,400 ಕೋಟಿ ರೂಪಾಯಿ ಬಂದಿತ್ತು. ನಮ್ಮ ಜೆಡಿಎಸ್ ತನಗೆ ಬಾಂಡ್ ಕೊಟ್ಟವರ ಹೆಸರನ್ನೂ ಆಯೋಗಕ್ಕೆ ಬರೆದು ಕೊಟ್ಟಿತ್ತು. ಹಾಗೆ ಹೆಸರು ಹೇಳಿದ ಪಕ್ಷಗಳು ಬೆರಳೆಣಿಕೆ. ಈಗ ಬಾಂಡ್ ಇಲ್ಲ. ಕಂಪನಿಗಳು ನೇರವಾಗಿ ಕೊಡುತ್ತವೆ, ಇಲ್ಲವೇ ಎಲೆಕ್ಟೋರಲ್ ಟ್ರಸ್ಟ್‌ಗಳ ಮೂಲಕ ಕೊಡುತ್ತವೆ. ಟ್ರಸ್ಟ್ ತನಗೆ ಆ ವರ್ಷ ಬಂದ ದೇಣಿಗೆಯ ಶೇಕಡಾ 95 ಭಾಗವನ್ನು ಪಕ್ಷಗಳಿಗೇ ಹಂಚಬೇಕು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಿಮ್ಮ ಪತ್ರದಲ್ಲೂ ಅದರ ಸುಳಿವಿದೆ. ಎಲ್ಲ ಹೊಗಳಿಕೆಯೂ ಪಕ್ಷದ ದುಡ್ಡಿನದಲ್ಲ. ಪೆಟ್ರೋಲ್ ಬಂಕಿನಲ್ಲಿ ಪ್ರಧಾನಿಯ ಫೋಟೋ, ಸಾರಿಗೆ ಬಸ್ಸಿನ ಮೇಲೆ ಮುಖ್ಯಮಂತ್ರಿಯ ಫೋಟೋ ಕಂಡರೆ ಅದು ಸರ್ಕಾರದ ಜಾಹೀರಾತು, ಅಂದರೆ ನಿಮ್ಮ ನಮ್ಮ ತೆರಿಗೆ. 2015ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಫೋಟೋ ಬೇಡ ಎಂದಿತ್ತು. ರಾಜ್ಯಗಳು ಒಪ್ಪಲಿಲ್ಲ. ಮರುವರ್ಷ ಮುಖ್ಯಮಂತ್ರಿ, ರಾಜ್ಯಪಾಲ, ಸಚಿವರ ಫೋಟೋಗಳಿಗೂ ಅವಕಾಶ ಸಿಕ್ಕಿತು. ಪಕ್ಷದ ಬಾವುಟ, ಪಕ್ಷದ ಗುರುತು ಮಾತ್ರ ಅದರಲ್ಲಿ ಬರುವಂತಿಲ್ಲ. ಈ ಖರ್ಚನ್ನು ನೀವು ಕೇಳಿ ಪಡೆಯಬಹುದು. ವಾರ್ತಾ ಇಲಾಖೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಪಕ್ಷಗಳಿಗೆ ಇದೇ ಅರ್ಜಿ ಹಾಕಿದರೆ ಉತ್ತರ ಬರುವುದಿಲ್ಲ. 2013ರ ಜೂನ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿಗೆ ಒಳಪಡುತ್ತವೆ ಎಂದು ಆದೇಶ ಮಾಡಿತು. ಬೇರೆ ಎಲ್ಲದಕ್ಕೂ ಜಗಳವಾಡುವ ಪಕ್ಷಗಳು ಅದನ್ನು ಪಾಲಿಸದಿರುವುದರಲ್ಲಿ ಒಂದಾದವು. ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ.

ಇನ್ನು ಮಗಳ ಸಂಘಟನೆ.

ಪಕ್ಷದ ಸುತ್ತ ಸಂಘ ಕಟ್ಟುವುದು ಹೊಸದಲ್ಲ. ನಮ್ಮ ಕಡೆಯವರೇ ಅದರಲ್ಲಿ ಮುಂದಿದ್ದರು. ಧಾರವಾಡದಲ್ಲಿ ಹುಟ್ಟಿದ ಡಾ. ನಾ.ಸು. ಹರ್ಡೀಕರ್ ಹುಬ್ಬಳ್ಳಿಯಲ್ಲಿ ಸೇವಾದಳ ಕಟ್ಟಿ ಬೆಳೆಸಿದವರು. 1923ರ ಕೊನೆಗೆ ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದಲ್ಲಿ ಅದಕ್ಕೆ ಅಖಿಲ ಭಾರತ ರೂಪ ಬಂತು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಅದರ ಸ್ವಯಂಸೇವಕರು ದುಡಿದರು. ಮೊದಲು ಅದು ಕಾಂಗ್ರೆಸ್ಸಿನ ಜೊತೆಗಿದ್ದರೂ ತನ್ನದೇ ಆಡಳಿತ ಇಟ್ಟುಕೊಂಡಿತ್ತು. 1931ರಲ್ಲಿ ಕಾಂಗ್ರೆಸ್ ಅದನ್ನು ತನ್ನ ಅಂಗವಾಗಿಯೇ ಮಾಡಿಕೊಂಡಿತು. ಜೊತೆಗಿರುವುದು ಬೇರೆ, ಅಂಗವಾಗುವುದು ಬೇರೆ. ನಿಮ್ಮ ಮಗಳ ಪ್ರಶ್ನೆ ಇರುವುದೂ ಈ ಎರಡರ ನಡುವೆ.

ಪ್ರತಿ ನೋಂದಾಯಿತ ಪಕ್ಷಕ್ಕೂ ಒಂದು ಸಂವಿಧಾನ ಇರುತ್ತದೆ. ಅದನ್ನು ಆಯೋಗಕ್ಕೆ ಕೊಟ್ಟಿರುತ್ತಾರೆ. ಬಿಜೆಪಿಯ ಯುವ ಮೋರ್ಚಾ, ಮಹಿಳಾ ಮೋರ್ಚಾ, ರೈತ ಮೋರ್ಚಾಗಳು ಪಕ್ಷದ್ದೇ ಅಂಗ. ಯುವ ಕಾಂಗ್ರೆಸ್, ಮಹಿಳಾ ಕಾಂಗ್ರೆಸ್, ಸೇವಾದಳ, ವಿದ್ಯಾರ್ಥಿ ಸಂಘಟನೆಯಾದ ಎನ್‌ಎಸ್‌ಯುಐ ಕಾಂಗ್ರೆಸ್ಸಿನವು. ಅವರು ಅದನ್ನು ಮುಚ್ಚಿಡುವುದೂ ಇಲ್ಲ. ಮಗಳು ಅಂಥದ್ದಕ್ಕೆ ಸೇರಿದ್ದರೆ "ಪಕ್ಷದ್ದಲ್ಲ" ಎನ್ನುವ ಮಾತು ಸರಿಯಲ್ಲ.

ಎರಡನೆಯ ಬಗೆಯದು, ಪಕ್ಷದ ಅಂಗವಲ್ಲದಿದ್ದರೂ ಅದೇ ವಿಚಾರ ಹಿಡಿದ ಬಳಗ. ಇಲ್ಲಿ ಉತ್ತರ ಅಷ್ಟು ಸರಳ ಇಲ್ಲ. ಎಬಿವಿಪಿ 1949ರದು. ಬಿಜೆಪಿ ಹುಟ್ಟಿದ್ದು 1980ರಲ್ಲಿ. ಎಬಿವಿಪಿಯವರು ತಾವು ಪಕ್ಷದ ವಿಭಾಗ ಅಲ್ಲ ಅನ್ನುತ್ತಾರೆ, ಕಾಗದದಲ್ಲಿ ಅದು ನಿಜ. ಆರೆಸ್ಸೆಸ್ಸಿನ ವಿಚಾರದ ಬೇರು ಎರಡಕ್ಕೂ ಒಂದೇ ಎಂಬುದೂ ನಿಜ. ಎಸ್‌ಎಫ್‌ಐ ಕೂಡ ತನ್ನನ್ನು ಸ್ವತಂತ್ರ ವಿದ್ಯಾರ್ಥಿ ಸಂಘಟನೆ ಅಂತಲೇ ಕರೆದುಕೊಳ್ಳುತ್ತದೆ. ಸಿಪಿಎಂ ಜೊತೆಗಿನ ಅದರ ನಂಟು ಎಲ್ಲರಿಗೂ ಗೊತ್ತು. ಎಐಡಿಎಸ್‌ಒ ಎಂಬ ವಿದ್ಯಾರ್ಥಿ ಸಂಘಟನೆಗೂ ಎಸ್‌ಯುಸಿಐ ಎಂಬ ಎಡ ಪಕ್ಷಕ್ಕೂ ಅಂಥದ್ದೇ ನಂಟು. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ದಶಕಗಳಿಂದ ನಿಂತಿದೆ. ಆದರೂ ಕರ್ನಾಟಕ ವಿಶ್ವವಿದ್ಯಾಲಯದ ಗೇಟಿನಲ್ಲಿ ಹಾಸ್ಟೆಲ್, ಶುಲ್ಕ, ವಿದ್ಯಾರ್ಥಿವೇತನ ಎಂದು ಘೋಷಣೆ ಕೂಗುವವರು ಬಹುಪಾಲು ಇವರೇ. ಅವರ ಬೇಡಿಕೆ ಸುಳ್ಳು ಎಂದು ನಾನು ಹೇಳಲಾರೆ.

ಹಾಗಾದರೆ ಅಳೆಯುವುದು ಹೇಗೆ? ನಾನು ನೋಡುವುದು ಒಂದನ್ನೇ. ತಮ್ಮ ಬಳಗದ ಪಕ್ಷ ಅಧಿಕಾರದಲ್ಲಿದ್ದಾಗ ಆ ಸಂಘ ಬೀದಿಗೆ ಇಳಿದಿದೆಯಾ? ಕಾರ್ಮಿಕ ಸಂಘಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2013ರ ಫೆಬ್ರುವರಿ 20, 21ರಂದು ದೇಶದ ತುಂಬ ಮುಷ್ಕರ ಆಯಿತು. ಆಗ ಕೇಂದ್ರದಲ್ಲಿದ್ದದ್ದು ಕಾಂಗ್ರೆಸ್ ನಾಯಕತ್ವದ ಸರ್ಕಾರ. ಆದರೂ ಕಾಂಗ್ರೆಸ್ ಬಳಗದ ಇಂಟಕ್ ಮುಷ್ಕರದಲ್ಲಿತ್ತು, ಸಂಘ ಪರಿವಾರದ ಬಿಎಂಎಸ್ ಕೂಡ ಇತ್ತು. 2015ರ ಸೆಪ್ಟೆಂಬರ್ 2ರಂದು ಮತ್ತೆ ಮುಷ್ಕರ ಬಂತು. ಆಗ ಬಿಜೆಪಿ ಸರ್ಕಾರ. ಬಿಎಂಎಸ್ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು. ಹಾಗೆಂದು ಬಿಎಂಎಸ್ ಯಾವಾಗಲೂ ಸುಮ್ಮನಿದೆ ಎಂದಲ್ಲ. ಸರ್ಕಾರಿ ಕಂಪನಿಗಳ ಮಾರಾಟದ ವಿರುದ್ಧ ಅದು ಇದೇ ಸರ್ಕಾರದ ಎದುರು ಪ್ರತಿಭಟಿಸಿದೆ. ಒಂದು ಸಂಘವನ್ನು ಒಂದೇ ದಿನದ ಮೇಲೆ ಅಳೆಯಬಾರದು. ಹತ್ತು ವರ್ಷದ ನಡೆ ನೋಡಬೇಕು.

ಪಕ್ಷ ಬೇಡ ಎಂದು ಹುಟ್ಟಿದ ಸಂಘಗಳ ಕತೆ ನಿಮ್ಮ ಭಾಗದಲ್ಲೇ ಇದೆ. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ನೀರಿನ ಕರದ ವಿರುದ್ಧ ಎದ್ದರು, ಗೋಲಿಬಾರ್ ಆಯಿತು. ಆ ಬಿಸಿಯಲ್ಲೇ ರಾಜ್ಯ ರೈತ ಸಂಘ ರೂಪುಗೊಂಡಿತು. ಮುಂದೆ ಅದರ ನಾಯಕರಾದ ಎಂ.ಡಿ. ನಂಜುಂಡಸ್ವಾಮಿ ಧಾರವಾಡ ಗ್ರಾಮೀಣದಿಂದಲೇ ವಿಧಾನಸಭೆಗೆ ಹೋದರು. ಅದೇ ಸಂಘದಲ್ಲಿದ್ದ ಬಾಬಾಗೌಡ ಪಾಟೀಲರು 1998ರಲ್ಲಿ ಬಿಜೆಪಿಯಿಂದ ಬೆಳಗಾವಿ ಸಂಸದರಾಗಿ ಕೇಂದ್ರದಲ್ಲಿ ಸಚಿವರಾದರು. ಇದನ್ನು ತಪ್ಪು ಅನ್ನಲು ಹೇಳುತ್ತಿಲ್ಲ. ಸಂಘ ಮತ್ತು ಪಕ್ಷದ ನಡುವಿನ ಬೇಲಿ ನಾವು ಅಂದುಕೊಂಡಷ್ಟು ಗಟ್ಟಿ ಇರುವುದಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳನ್ನೇ ನೋಡಿ. ಕಾಯ್ದೆ ಪ್ರಕಾರ ಪಕ್ಷದ ಚಿಹ್ನೆ ಇಲ್ಲ. ಆದರೂ ಎಣಿಕೆ ಮುಗಿದ ಸಂಜೆಗೇ ಎಷ್ಟು ಸದಸ್ಯರು ಯಾರ ಕಡೆ ಎಂದು ಊರಿಗೆಲ್ಲ ಗೊತ್ತಿರುತ್ತದೆ.

ನೀತಿಯ ಬಗ್ಗೆ ಕಡಿಮೆ ಹೇಳುತ್ತೇನೆ. ಪ್ರಣಾಳಿಕೆ ಓದುವುದು ಒಳ್ಳೆಯದೇ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆಯೋಗ ಒಂದು ನಿಯಮ ಮಾಡಿತು. ಭರವಸೆ ಕೊಟ್ಟರೆ ಅದಕ್ಕೆ ದುಡ್ಡು ಎಲ್ಲಿಂದ ಎಂದು ಸ್ಥೂಲವಾಗಿಯಾದರೂ ಹೇಳಬೇಕು. ಎಷ್ಟು ಜನ ಹೇಳುತ್ತಾರೆ ನೀವೇ ನೋಡಿ. ಆದರೆ ಪ್ರಣಾಳಿಕೆ ಕೊಟ್ಟ ಮಾತು ಮಾತ್ರ. ನಡೆ ಬೇರೆ ಕಡೆ ಸಿಗುತ್ತದೆ.

ಮಹದಾಯಿ ನದಿ ನೀರಿನ ವಿಷಯ ತೆಗೆದುಕೊಳ್ಳಿ. ಅದರ ನೀರನ್ನು ಮಲಪ್ರಭೆಗೆ ತರುವ ಕಳಸಾ ಬಂಡೂರಿ ಯೋಜನೆ ನಮ್ಮ ಕಡೆ ಎಲ್ಲ ಪಕ್ಷಗಳ ಭರವಸೆ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಕೇಂದ್ರ ಅದನ್ನು ಗೆಜೆಟ್‌ನಲ್ಲಿ ಹಾಕಿತು. 2022ರ ಡಿಸೆಂಬರ್ ಕೊನೆಗೆ ಕೇಂದ್ರ ಜಲ ಆಯೋಗ ಯೋಜನಾ ವರದಿ ಒಪ್ಪಿತು. ಅದಾದ ಮೇಲೂ ಅರಣ್ಯ, ವನ್ಯಜೀವಿ ಅನುಮತಿ ಬೇಕು. ಈಗ ಹೇಳಿ, ಕರ್ನಾಟಕದ ಬಿಜೆಪಿಯೂ ಕಾಂಗ್ರೆಸ್ಸೂ ನೀರು ಬೇಕು ಅನ್ನುತ್ತವೆ. ಗೋವಾದ ಬಿಜೆಪಿಯೂ ಕಾಂಗ್ರೆಸ್ಸೂ ಕೊಡಬಾರದು ಅನ್ನುತ್ತವೆ. ಹಾಗಾದರೆ ಪಕ್ಷದ ನೀತಿ ಯಾವುದು? ಖಾನಾಪುರದ ಆಚೆ ಒಂದು, ಈಚೆ ಒಂದು. ಆದ್ದರಿಂದ ಯಾವುದೇ ಭರವಸೆ ಕೇಳಿದಾಗ ನಾನು ಮೊದಲು ನೋಡುವುದು ಅದು ಯಾರ ಕೈಯಲ್ಲಿದೆ ಎಂದು, ರಾಜ್ಯದ್ದೋ, ಕೇಂದ್ರದ್ದೋ, ಕೋರ್ಟಿನದ್ದೋ. ಆಮೇಲೆ ಬಜೆಟ್ ಪುಸ್ತಕ ತೆಗೆದು ಆ ವರ್ಷ ಎಷ್ಟು ಇಟ್ಟರು, ಎಷ್ಟು ನಿಜವಾಗಿ ಖರ್ಚಾಯಿತು ಎಂಬ ಎರಡು ಕಾಲಂ ಹೋಲಿಸುತ್ತೇನೆ. ಇಟ್ಟದ್ದಕ್ಕೂ ಖರ್ಚಾದದ್ದಕ್ಕೂ ಇರುವ ಅಂತರವನ್ನೇ ಆ ಪಕ್ಷದ ನೀತಿ ಎಂದು ನಾನು ಓದಿಕೊಳ್ಳುತ್ತೇನೆ.

ಮಗಳಿಗೆ ಏನು ಹೇಳಬೇಕು ಎಂದು ನೀವು ಬಾಯಿಬಿಟ್ಟು ಕೇಳಿಲ್ಲ. ಆದರೂ ನನಗೂ ಮಗಳಿದ್ದಾಳೆ, ಹೇಳುತ್ತೇನೆ. ಬೇಡ ಅನ್ನಬೇಡಿ. ಅವಳು ಓಟಿನ ಹಕ್ಕಿರುವ ಹುಡುಗಿ. ಪಕ್ಷದ ಬಳಗಕ್ಕೆ ಸೇರುವುದು ತಪ್ಪೇನೂ ಅಲ್ಲ. ಸೇರಿದ ಹುಡುಗರಿಗೆ ಅದು ಪಕ್ಷದ ಬಳಗ ಎಂದು ಹೇಳದೆ ಇರುವುದು ತಪ್ಪು. ಊರಿಗೆ ಬಂದಾಗ ಸಮಾಧಾನವಾಗಿ ಕೂತು ಕೇಳಿ. ಸದಸ್ಯತ್ವದ ರಸೀದಿ ಕೊಟ್ಟಿದ್ದಾರಾ, ಅದರ ಮೇಲೆ ಯಾರ ಹೆಸರಿದೆ? ಜಿಲ್ಲಾ ಪದಾಧಿಕಾರಿಗಳನ್ನು ಸದಸ್ಯರು ಆರಿಸುತ್ತಾರಾ, ಮೇಲಿನಿಂದ ಹೆಸರು ಬರುತ್ತದಾ? ಕರಪತ್ರ ಹಂಚಲು ಹೋದ ದಿನ ಬಸ್ಸಿನ ಚಾರ್ಜು, ಊಟದ ದುಡ್ಡು ಯಾರು ಕೊಟ್ಟರು? ಈ ಕೊನೆಯ ಪ್ರಶ್ನೆಗೆ ಅವಳ ಬಳಿ ಉತ್ತರ ಇಲ್ಲದಿದ್ದರೆ ಅವಳೇ ಸಂಘಟನೆಯಲ್ಲಿ ಎದ್ದು ನಿಂತು ಕೇಳಲಿ. ಕೇಳಿದ್ದಕ್ಕೆ ಅಲ್ಲಿ ಏನಾಗುತ್ತದೆ ಎಂಬುದು ನಾನು ಬರೆದಿದ್ದಕ್ಕಿಂತ ಜಾಸ್ತಿ ಅವಳಿಗೆ ತಿಳಿಸುತ್ತದೆ.

ನೀವೂ ಒಂದು ಕೆಲಸ ಮಾಡಬಹುದು. ನಿಮ್ಮ ಲಕ್ಷ್ಮೇಶ್ವರ ಗದಗ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಸೇರುವುದು ಹಾವೇರಿ ಕ್ಷೇತ್ರಕ್ಕೆ. ಆ ಚುನಾವಣೆಯ ಅಭ್ಯರ್ಥಿಗಳ ಲೆಕ್ಕ ಇರುವುದು ಹಾವೇರಿ ಜಿಲ್ಲಾ ಚುನಾವಣಾ ಶಾಖೆಯಲ್ಲಿ. ಚುನಾವಣಾ ನಿಯಮ 88ರ ಪ್ರಕಾರ 1 ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅದನ್ನು ನೋಡಬಹುದು, ಶುಲ್ಕ ಕೊಟ್ಟು ಪ್ರತಿಯನ್ನೂ ಪಡೆಯಬಹುದು. ಆ ಕರಪತ್ರ ಮನೆಯಲ್ಲಿದ್ದರೆ ಜೊತೆಗೆ ಒಯ್ಯಿರಿ. ಕೆಳಗಿನ ಸಾಲಿನಲ್ಲಿ ಎಷ್ಟು ಪ್ರತಿ ಎಂದಿದೆಯೋ ಅದನ್ನು ಬಿಳಿ ಹಾಳೆಯ ಮುದ್ರಣದ ಬಾಬ್ತಿನ ಪಕ್ಕ ಇಟ್ಟು ನೋಡಿ. ಮಗಳನ್ನೂ ಕರೆದುಕೊಂಡು ಹೋಗಿ.